ಸೈಜ್ ಒಂದೇ ಇದ್ದರೆ ಸಾಲದು: ಮಾಲಿನ ಗಾಡಿಗೆ ಟೈರು, ರಿಮ್ ಆರಿಸುವುದು ಹೇಗೆ?

ಈ ವಾರ ಬೆಳೆ ಬಗ್ಗೆ ಬರೆಯುತ್ತಿಲ್ಲ. ಬೆಳೆದದ್ದನ್ನು ಮಾರುಕಟ್ಟೆಗೆ ಒಯ್ಯುವ ಗಾಡಿಯ ಟೈರು ಮತ್ತು ರಿಮ್ ಬಗ್ಗೆ ಬರೆಯುತ್ತಿದ್ದೇನೆ. ಕಾರಣ, ಈ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿ ಪಾಠ ಕಲಿತಿದ್ದೇನೆ.

ನಮ್ಮ ಹೊಲ ಇರುವುದು ಜೇವರ್ಗಿ ತಾಲ್ಲೂಕಿನಲ್ಲಿ. ತೊಗರಿ ಜೊತೆಗೆ ಎರಡು ಎಕರೆಯಲ್ಲಿ ಸಾವಯವ ತರಕಾರಿ, ಬೇಸಿಗೆಗೆ ಕಲ್ಲಂಗಡಿ. ಮಾಲು ಸಾಗಿಸಲು ಹಳೆಯ ಟಾಟಾ ಏಸ್ ಇದೆ, ನಮ್ಮ ಕಡೆ ಎಲ್ಲರೂ ಛೋಟಾ ಹಾಥಿ ಅನ್ನುವ ಗಾಡಿ. ಹೋದ ವರ್ಷ ಏಪ್ರಿಲ್‌ನಲ್ಲಿ ಕಲ್ಲಂಗಡಿ ತುಂಬಿಕೊಂಡು ಕಲಬುರಗಿಗೆ ಹೊರಟಿದ್ದೆವು. ನಾನು ಪಕ್ಕದಲ್ಲಿ, ಚಿಕ್ಕಪ್ಪನ ಮಗ ಸ್ಟೇರಿಂಗ್ ಹಿಡಿದಿದ್ದ. ಕಟ್ಟಿ ಸಂಗಾವಿಯ ಭೀಮಾ ಸೇತುವೆ ದಾಟಿ ಸ್ವಲ್ಪ ಮುಂದೆ ಹೋಗಿದ್ದೆವಷ್ಟೆ, ಹಿಂದೆ ಬಾಂಬ್ ಹಾಕಿದಂಗೆ ಸದ್ದು. ಬಲಗಡೆಯ ಹಿಂದಿನ ಟೈರು ಒಡೆದಿತ್ತು. ಗಾಡಿ ಬಲಕ್ಕೆ ಎಳೆಯಿತು. ಎದುರಿಗೆ ಬರುತ್ತಿದ್ದ ಬಸ್ಸಿನ ಡ್ರೈವರ್ ಬ್ರೇಕ್ ಹಿಡಿಯದಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲವೇನೋ. ಗಾಡಿ ವಾಲಿ ನಿಂತಿತು. ಮುಕ್ಕಾಲು ಹಣ್ಣು ಹೈವೇ ಮೇಲೆ ಉರುಳಿ ಒಡೆಯಿತು.

ನಮ್ಮಿಬ್ಬರಿಗೂ ತರಚು ಗಾಯ ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಹಿಂದಿನ ದಿನ ಅದೇ ಗಾಡಿಯ ಹಿಂದೆ ಕಳೆ ತೆಗೆಯುವ ಆರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಊರಿಗೆ ಬಿಟ್ಟು ಬಂದಿದ್ದೆ.

ಆ ಟೈರಿಗೆ ಬರೀ ಮೂರು ತಿಂಗಳಾಗಿತ್ತು. ಗ್ರಿಪ್ ಹೊಸದರಂತೆಯೇ ಇತ್ತು. ಹಾಗಾದರೆ ಯಾಕೆ ಒಡೀತು?

ತಪ್ಪು ಎಲ್ಲಿತ್ತು

ಹಿಂದಿನ ಎರಡು ಟೈರು ಸವೆದಾಗ ಒಂದು ಅಂಗಡಿಗೆ ಹೋಗಿದ್ದೆ. ಹಳೆಯ ಟೈರಿನ ಮೇಲೆ 145 ಆರ್ 12 ಅಂತ ಇತ್ತು. ಅಂಗಡಿಯವರು ಇನ್ನೊಂದು ಟೈರು ತೋರಿಸಿದರು. ಅದರ ಮೇಲೂ 145, ಅದರ ಮೇಲೂ 12. ಬೆಲೆಯಲ್ಲಿ ಒಂದಕ್ಕೆ ಸಾವಿರದ ನೂರು ರೂಪಾಯಿ ಕಮ್ಮಿ.

"ಎರಡೂ ಒಂದೇ ಸೈಜ್ ಅವರಿ. ಎಲ್ಲಾರೂ ಇದೇ ಹಾಕ್ಸತಾರ, ನಡೀತದ ತಗೋರಿ" ಅಂದರು. ರಿಮ್ ಮೇಲೆ ಸರಿಯಾಗಿ ಕೂತಿತು, ಗಾಡಿಯೂ ಓಡಿತು. ನಾನು ಖುಷಿಯಿಂದ ಮನೆಗೆ ಬಂದೆ.

ಒಡೆದ ಮೇಲೆ ಟೈರಿನ ಪಕ್ಕ ಒರೆಸಿ ಓದಿದೆ. ಅಲ್ಲಿದ್ದದ್ದು 145/80 ಆರ್12 74ಟಿ. ಅದು ಆಲ್ಟೋದಂಥ ಸಣ್ಣ ಕಾರಿನ ಟೈರು. ನನ್ನ ಗಾಡಿಗೆ ಬೇಕಾಗಿದ್ದದ್ದು 145 ಆರ್12 ಎಲ್‌ಟಿ 8ಪಿಆರ್. ಅಗಲ ಒಂದೇ, ರಿಮ್ ಅಳತೆ ಒಂದೇ, ಎತ್ತರವೂ ಹೆಚ್ಚುಕಡಿಮೆ ಒಂದೇ. ಹೊರುವ ಶಕ್ತಿ ಮಾತ್ರ ಬೇರೆ.

ಬೀದರ್‌ನಲ್ಲಿ ತೋಟಗಾರಿಕೆ ಬಿಎಸ್ಸಿ ಓದಿದವನು ನಾನು. ಬೀಜದ ಪ್ಯಾಕೆಟ್ ಕೈಗೆ ಬಂದರೆ ಲಾಟ್ ನಂಬರ್, ಮೊಳಕೆ ಪ್ರಮಾಣ, ಅವಧಿ ಮುಗಿಯುವ ದಿನಾಂಕ ಎಲ್ಲಾ ನೋಡುತ್ತೇನೆ. ಟೈರಿನ ಮೇಲೂ ಹಾಗೆಯೇ ಎಲ್ಲಾ ಬರೆದಿರುತ್ತಾರೆ. ನಾನು ಓದಲಿಲ್ಲ. ಅಪ್ಪ ಒಂದೇ ಮಾತು ಹೇಳಿದರು: "ಎತ್ತಿಗೆ ಲಾಳ ಹೊಡಸೂ ಮುಂದ ನಾವು ಕಾಲ ಎತ್ತಿ ನೋಡ್ತಿದ್ವಿ. ನೀ ಗಾಡಿ ಕಾಲ ನೋಡ್ಲೇ ಇಲ್ಲಲ್ಲೋ."

ಟೈರಿನ ಮೇಲಿನ ಬರಹ ಓದುವುದು

ಒದ್ದೆ ಬಟ್ಟೆಯಿಂದ ಟೈರಿನ ಪಕ್ಕ ಒರೆಸಿ. ಅಕ್ಷರಗಳ ಮೇಲೆ ಸೀಮೆಸುಣ್ಣ ತಿಕ್ಕಿದರೆ ಎದ್ದು ಕಾಣುತ್ತವೆ. ಫೋನಿನಲ್ಲಿ ಫೋಟೋ ತೆಗೆಯಿರಿ, ದೊಡ್ಡದು ಮಾಡಿ ಓದಿ. ನನ್ನ ಗಾಡಿಯದೇ ಉದಾಹರಣೆ: 145 ಆರ್12 ಎಲ್‌ಟಿ 8ಪಿಆರ್, 86/84.

- 145: ಟೈರಿನ ಅಗಲ, ಮಿಲಿಮೀಟರ್‌ನಲ್ಲಿ.
- ಆರ್: ರೇಡಿಯಲ್. ಈ ಅಕ್ಷರ ಇಲ್ಲದೆ ಅಡ್ಡಗೆರೆ ಇದ್ದರೆ ಅದು ಅಂಗಡಿಯವರು ನೈಲಾನ್ ಅನ್ನುವ ಹಳೆ ಮಾದರಿಯ ಟೈರು.
- 12: ರಿಮ್ಮಿನ ವ್ಯಾಸ, ಇಂಚಿನಲ್ಲಿ.
- ಎಲ್‌ಟಿ: ಲೈಟ್ ಟ್ರಕ್, ಅಂದರೆ ಮಾಲು ಹೊರುವ ಸಣ್ಣ ಗಾಡಿಗೆ ಮಾಡಿದ ಟೈರು. ಕೆಲವು ಕಂಪನಿಗಳು ಎಲ್‌ಟಿ ಬದಲು 'ಸಿ' ಅಕ್ಷರ ಹಾಕುತ್ತವೆ.
- 8ಪಿಆರ್: ಪ್ಲೈ ರೇಟಿಂಗ್. ಒಳಗೆ ಎಂಟು ಪದರ ಇವೆ ಅಂತ ಅರ್ಥ ಅಲ್ಲ, ಟೈರಿನ ಗಟ್ಟಿತನದ ದರ್ಜೆ ಅಷ್ಟೆ. 6ಪಿಆರ್‌ಗಿಂತ 8ಪಿಆರ್ ಹೆಚ್ಚು ಹವಾ ತಡೆಯುತ್ತದೆ, ಹೆಚ್ಚು ಭಾರ ಹೊರುತ್ತದೆ.
- 86/84: ಲೋಡ್ ಇಂಡೆಕ್ಸ್. ಮುಖ್ಯವಾದದ್ದು ಇದೇ. ಒಂದು ಪಕ್ಕಕ್ಕೆ ಒಂದೇ ಗಾಲಿ ಇರುವ ಗಾಡಿಗೆ ಮೊದಲ ಸಂಖ್ಯೆ, ಲಾರಿಯಂತೆ ಜೋಡಿ ಗಾಲಿ ಇದ್ದರೆ ಎರಡನೆಯದು.

ಲೋಡ್ ಇಂಡೆಕ್ಸ್ ನೇರವಾಗಿ ಕೆಜಿ ಅಲ್ಲ. ಅದೊಂದು ಸಂಕೇತ. ನಮ್ಮಂಥ ಸಣ್ಣ ಗಾಡಿಗಳಿಗೆ ಬೇಕಾದಷ್ಟು ಇಲ್ಲಿ ಕೊಟ್ಟಿದ್ದೇನೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

- 74 ಅಂದರೆ ಒಂದು ಟೈರಿಗೆ 375 ಕೆಜಿ
- 78 ಅಂದರೆ 425 ಕೆಜಿ
- 80 ಅಂದರೆ 450 ಕೆಜಿ
- 84 ಅಂದರೆ 500 ಕೆಜಿ
- 86 ಅಂದರೆ 530 ಕೆಜಿ
- 88 ಅಂದರೆ 560 ಕೆಜಿ
- 90 ಅಂದರೆ 600 ಕೆಜಿ
- 95 ಅಂದರೆ 690 ಕೆಜಿ
- 100 ಅಂದರೆ 800 ಕೆಜಿ

ಲೋಡ್ ಇಂಡೆಕ್ಸ್ ಪಕ್ಕದಲ್ಲಿರುವ ಅಕ್ಷರ ವೇಗದ ಮಿತಿ: ಎನ್ ಅಂದರೆ ಗಂಟೆಗೆ 140 ಕಿಮೀ, ಕ್ಯೂ ಅಂದರೆ 160, ಟಿ ಅಂದರೆ 190. ಮಾಲು ತುಂಬಿದ ಗಾಡಿ ಯಾರೂ ಆ ವೇಗದಲ್ಲಿ ಓಡಿಸುವುದಿಲ್ಲ. ಆದ್ದರಿಂದ ನಮಗೆ ಅಕ್ಷರಕ್ಕಿಂತ ಅದರ ಹಿಂದಿನ ಸಂಖ್ಯೆ ದೊಡ್ಡದು. "ಇದು 190ರ ಟೈರು, ಇನ್ನೂ ಚಲೋದು" ಅಂತ ಯಾರಾದರೂ ಕಾರಿನ ಟೈರು ಕೊಟ್ಟರೆ ಮರುಳಾಗಬೇಡಿ.

ನಿಮ್ಮ ಗಾಡಿಯ ಲೆಕ್ಕ ನೀವೇ ಮಾಡಿ

ಅಪಘಾತ ಆದ ಒಂದು ವಾರಕ್ಕೆ ಗಾಡಿಗೆ ಸರಿಯಾದ ಟೈರು ಹಾಕಿಸಿದೆ. ಆ ದಿನ ಎಷ್ಟು ತುಂಬಿದ್ದೆವೋ ಅಷ್ಟೇ ಮಟ್ಟಕ್ಕೆ ಕಲ್ಲಂಗಡಿ ತುಂಬಿ, ಒಂದು ಬೇಳೆ ಮಿಲ್ಲಿನ ಕಾಟಾಕ್ಕೆ ಒಯ್ದೆ. ಪೂರ್ತಿ ಗಾಡಿ ತೂಗಿದರೆ 1,680 ಕೆಜಿ. ಆಮೇಲೆ ಮುಂದಿನ ಗಾಲಿಗಳನ್ನು ಕಾಟಾದಿಂದ ಆಚೆ ಇಳಿಸಿ, ಹಿಂದಿನ ಎರಡು ಗಾಲಿ ಮಾತ್ರ ಮೇಲೆ ನಿಲ್ಲಿಸಿ ತೂಗಿಸಿದೆ. 1,020 ಕೆಜಿ ಬಂತು.

ಈಗ ಲೆಕ್ಕ ನೋಡಿ. ಕಾರಿನ ಟೈರು 74. ಎರಡು ಸೇರಿ 750 ಕೆಜಿ ಹೊರಬಲ್ಲವು. ನಾನು ಅವುಗಳ ಮೇಲೆ 270 ಕೆಜಿ ಹೆಚ್ಚು ಹೇರಿದ್ದೆ. ಅದೂ ಏಪ್ರಿಲ್ ಬಿಸಿಲಲ್ಲಿ, ಕಾದ ಡಾಂಬರಿನ ಮೇಲೆ. ಒಡೆದದ್ದು ಆಶ್ಚರ್ಯ ಅಲ್ಲ, ಮೂರು ತಿಂಗಳು ತಾಳಿದ್ದೇ ಆಶ್ಚರ್ಯ.

86ರ ಟೈರು ಎರಡು ಸೇರಿದರೆ 1,060 ಕೆಜಿ. ಅಂದರೆ ಸರಿಯಾದ ಟೈರು ಹಾಕಿಸಿದ್ದರೂ ಉಳಿಯುತ್ತಿದ್ದದ್ದು ಬರೀ 40 ಕೆಜಿ. ಇಲ್ಲಿ ನನ್ನ ಎರಡನೇ ತಪ್ಪು ಹೊರಬಿತ್ತು. ನನ್ನ ಗಾಡಿಯ ಆರ್‌ಸಿ ಪ್ರಕಾರ ಮಾಲು, ಜನ ಎಲ್ಲಾ ಸೇರಿ ಒಟ್ಟು ತೂಕ 1,550 ಕೆಜಿ ಮೀರುವಂತಿಲ್ಲ. ನಾನು 130 ಕೆಜಿ ಮೀರಿದ್ದೆ. ಹಣ್ಣನ್ನು ಕಣ್ಣಳತೆಯಲ್ಲಿ ತುಂಬುತ್ತಿದ್ದೆನೇ ಹೊರತು ತೂಕ ನೋಡಿರಲಿಲ್ಲ. ಟೈರು ಗಟ್ಟಿ ಇದೆ ಅಂತ ಹೆಚ್ಚು ತುಂಬಿದರೆ ಮುಂದಿನ ಸರದಿ ಬ್ರೇಕು, ಬೇರಿಂಗು, ಪಾಟಾ ಇವುಗಳದ್ದು. ಸಿಕ್ಕಿಬಿದ್ದರೆ ದಂಡವೂ ಸಣ್ಣದಲ್ಲ: 2019ರ ತಿದ್ದುಪಡಿಯ ನಂತರ ಓವರ್‌ಲೋಡ್‌ಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ನೀವು ಮಾಡಬೇಕಾದದ್ದು ಇಷ್ಟು. ಆರ್‌ಸಿಯಲ್ಲಿ ಒಟ್ಟು ತೂಕದ ಮಿತಿ ನೋಡಿ. ಕಾರ್ಡು ಕೈಯಲ್ಲಿ ಇಲ್ಲದಿದ್ದರೆ ಎಂ-ಪರಿವಾಹನ್ ಅಥವಾ ಡಿಜಿಲಾಕರ್ ಆ್ಯಪ್‌ನಲ್ಲಿ ತೆಗೆಯಬಹುದು. ನೀವು ಎಂದಿನಂತೆ ತುಂಬುವ ಮಾಲು ತುಂಬಿ ಒಮ್ಮೆ ಕಾಟಾಕ್ಕೆ ಹೋಗಿ. ಒಟ್ಟು ತೂಕ, ಹಿಂದಿನ ಗಾಲಿಗಳ ತೂಕ ಎರಡನ್ನೂ ಬರೆದುಕೊಳ್ಳಿ. ಹಿಂದಿನ ತೂಕವನ್ನು ಎರಡರಿಂದ ಭಾಗಿಸಿ. ನಿಮ್ಮ ಟೈರಿನ ಲೋಡ್ ಇಂಡೆಕ್ಸ್ ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಗುಂಡಿಗೆ ಬಿದ್ದಾಗ ಕ್ಷಣಕಾಲ ಭಾರ ಇನ್ನೂ ಏರುತ್ತದೆ ಅನ್ನುವುದೂ ನೆನಪಿರಲಿ.

ಸಾವಯವ ಮಾಡುವವರಿಗೆ ಒಂದು ಮಾತು. 200 ಲೀಟರಿನ ಜೀವಾಮೃತದ ಡ್ರಮ್ ಅಂದರೆ ಎರಡು ಕ್ವಿಂಟಲ್‌ಗಿಂತ ಹೆಚ್ಚೇ. ಹಸಿ ಗೊಬ್ಬರ ಕಣ್ಣಿಗೆ ಹಗುರ ಕಾಣುತ್ತದೆ, ಕಾಟಾದ ಮೇಲೆ ಗೊತ್ತಾಗುತ್ತದೆ.

ಯಾವ ಸೈಜು ಹಾಕಬೇಕು ಅನ್ನುವುದಕ್ಕೆ ಕೊನೆಯ ಮಾತು ಗಾಡಿಯ ಕೈಪಿಡಿ ಮತ್ತು ಗಾಡಿಗೆ ಅಂಟಿಸಿರುವ ಟೈರು ವಿವರದ ಪಟ್ಟಿಯದ್ದು. ಹಳೆಯ ಟೈರನ್ನು ನೋಡಿ ಅದರಂತೆಯೇ ಕೊಡಿ ಅನ್ನಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಹಿಂದಿನ ಮಾಲಕನೇ ತಪ್ಪು ಟೈರು ಹಾಕಿಸಿರಬಹುದು.

ಎಷ್ಟು ಹಳೆಯದು, ಅಸಲಿಯೋ ನಕಲಿಯೋ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಉದಾಹರಣೆಗೆ 2324. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಒಂದು ಪಕ್ಕಕ್ಕೆ ಮಾತ್ರ ಇರಬಹುದು, ತಿರುಗಿಸಿ ನೋಡಿ.

ರಬ್ಬರು ಸುಮ್ಮನೆ ಇಟ್ಟರೂ ಹಳತಾಗುತ್ತದೆ. ಬಿಸಿಲಿಗೆ ಇನ್ನೂ ಬೇಗ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷ ದಾಟಿದ್ದನ್ನು ಗ್ರಿಪ್ ಇದ್ದರೂ ತೆಗೆದುಹಾಕಿ ಅಂತ ಟೈರು ಕಂಪನಿಗಳೇ ಹೇಳುತ್ತವೆ. ನಮ್ಮಲ್ಲಿ ಬೇಸಿಗೆ 42, 43 ಡಿಗ್ರಿ ಮುಟ್ಟುತ್ತದೆ. ಹಾಗಾಗಿ ನಾನು ಆರು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಸ್ಟೆಪ್ನಿಗೂ ಇದೇ ಲೆಕ್ಕ. ಎಷ್ಟೋ ಗಾಡಿಗಳಲ್ಲಿ ಸ್ಟೆಪ್ನಿ ಗಾಡಿಯಷ್ಟೇ ಹಳೆಯದಿರುತ್ತದೆ, ಯಾರೂ ಇಳಿಸಿ ನೋಡಿರುವುದಿಲ್ಲ.

ಭಾರತದಲ್ಲಿ ಮಾರುವ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಮಾಲಿನ ಗಾಡಿಯ ಟೈರಿನ ಮಾನಕ ಸಂಖ್ಯೆ ಐಎಸ್ 15636, ಕಾರಿನದ್ದು ಐಎಸ್ 15633. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದ್ದು, ಲೈಸೆನ್ಸ್ ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅಂಗಡಿ ಮುಂದೆ ನಿಂತೇ ಎರಡು ನಿಮಿಷದಲ್ಲಿ ಆಗುವ ಕೆಲಸ.

ಬಿಲ್ ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. "ಬಿಲ್ ಇಲ್ಲದೆ ಆದರೆ ಕಮ್ಮಿ" ಅನ್ನುವ ಮಾತಿಗೆ ಈಗ ಅಷ್ಟು ಬೆಲೆಯೂ ಇಲ್ಲ. ಬಿಲ್ಲಿನಲ್ಲಿ ಟೈರಿನ ಪೂರ್ತಿ ಸೈಜು, ಪಿಆರ್, ಸೀರಿಯಲ್ ನಂಬರ್ ಬರೆಸಿ. ನನ್ನ ಕೈಯಲ್ಲಿ ಅಂಥ ಬಿಲ್ ಇದ್ದಿದ್ದರೆ ಅಂಗಡಿಗೆ ಹೋಗಿ ಕೇಳಬಹುದಿತ್ತು. ಇದ್ದದ್ದು 'ಟೈರ್ 2' ಅಂತ ಗೀಚಿದ ಚೀಟಿ.

ಹಳೆ ಟೈರು, ರಿಸೋಲ್, ಗೀರು ಕೊರೆದದ್ದು

ನಮ್ಮ ಕೈಯಲ್ಲಿ ದುಡ್ಡು ಬರುವುದು ಮಾಲು ಮಾರಿದ ಮೇಲೆ, ಟೈರು ಸವೆಯುವುದು ಅದಕ್ಕೂ ಮುಂಚೆ. ಅದಕ್ಕೇ ಹಳೆ ಟೈರಿನ ಕಡೆ ಕಣ್ಣು ಹೋಗುತ್ತದೆ. ಬೈಯುವುದಿಲ್ಲ, ಆದರೆ ಮೂರನ್ನೂ ಬೇರೆ ಬೇರೆಯಾಗಿ ನೋಡಿ.

ಗೀರು ಕೊರೆದ ಟೈರು ಎಲ್ಲಕ್ಕಿಂತ ಅಪಾಯ. ಸವೆದು ನುಣ್ಣಗಾದ ಟೈರಿನ ಮೇಲೆ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆದು, ಕಪ್ಪು ಬಣ್ಣ ಬಳಿದು ಇಡುತ್ತಾರೆ. ನೋಡಲು ಹೊಸದು. ಒಳಗಿನ ನೂಲು ಅಥವಾ ತಂತಿಗೂ ರಸ್ತೆಗೂ ನಡುವೆ ಉಳಿದಿದ್ದ ತೆಳು ರಬ್ಬರನ್ನೇ ಕೊರೆದಿರುತ್ತಾರೆ. ಕಂಡುಹಿಡಿಯುವುದು ಸುಲಭ: ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬ ಇರಬೇಕು. ಅದು ಸವೆತದ ಗುರುತು, 1.6 ಮಿಮೀ ಎತ್ತರ. ಪಕ್ಕದಲ್ಲಿ ಟಿಡಬ್ಲ್ಯುಐ ಅಂತಲೋ ಸಣ್ಣ ತ್ರಿಕೋನವೋ ಇದ್ದರೆ ಅದರ ನೇರಕ್ಕೆ ಹುಡುಕಿ. ದಿಬ್ಬವೇ ಇಲ್ಲ, ಅಥವಾ ದಿಬ್ಬವೂ ಕೊಯ್ದಂತಿದೆ ಅಂದರೆ ಬಿಟ್ಟು ಬನ್ನಿ.

ನಿಮ್ಮ ಸ್ವಂತ ಟೈರಿಗೂ ಇದೇ ಅಳತೆ. ಗ್ರಿಪ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ನಾಲ್ಕು ಗಾಲಿ ಗಾಡಿಗೆ ಕಾನೂನಿನ ಕೊನೆಯ ಮಿತಿ ಮುಟ್ಟಿತು ಅಂತ ಅರ್ಥ. ಮಳೆಗಾಲಕ್ಕೆ ಮುಂಚೆ ಆದರೆ ಅಷ್ಟು ಸವೆಯುವ ತನಕ ಕಾಯಬೇಡಿ.

ರಿಸೋಲ್ ಟೈರು ಅಂದರೆ ಹಳೆಯ ಮೈಗೆ ಹೊಸ ಗ್ರಿಪ್ ಅಂಟಿಸಿದ್ದು. ಮೈ ಗಟ್ಟಿ ಇದ್ದು, ಒಳ್ಳೆಯ ಕಡೆ ಮಾಡಿಸಿದ್ದಾದರೆ ಲಾರಿಗಳಲ್ಲಿ ಚೆನ್ನಾಗಿಯೇ ಓಡುತ್ತದೆ. ಸಣ್ಣ ಗಾಡಿಯಲ್ಲಿ ಉಳಿಯುವ ದುಡ್ಡು ಕಮ್ಮಿ, ನಾನಂತೂ ಹಾಕುವುದಿಲ್ಲ. ಹಾಕಿದರೂ ಮುಂದಿನ ಗಾಲಿಗೆ ಬೇಡ.

ಸೆಕೆಂಡ್ ಹ್ಯಾಂಡ್ ಟೈರು ತಗೊಳ್ಳುವುದೇ ಆದರೆ ರಿಮ್ ಮೇಲಿಂದ ಬಿಚ್ಚಿದ್ದನ್ನೇ ತಗೊಳ್ಳಿ, ಒಳಭಾಗ ಕಾಣಬೇಕು. ಫೋನಿನ ಟಾರ್ಚ್ ಹಾಕಿ ಒಳಗೆ ಸುತ್ತಲೂ ನೋಡಿ. ಪಕ್ಕದಲ್ಲಿ ಪಂಕ್ಚರ್ ಪ್ಯಾಚ್, ಸುಕ್ಕುಗಟ್ಟಿದ ವರ್ತುಲ, ರಬ್ಬರಿನ ಪುಡಿ ಕಂಡರೆ ಅದು ಹವಾ ಇಲ್ಲದೆ ಓಡಿದ ಟೈರು. ಹೊರಗೆ ಪಕ್ಕದಲ್ಲಿ ಉಬ್ಬು ಇದ್ದರೆ ಒಳಗಿನ ನೂಲು ಹರಿದಿದೆ ಅಂತ ಅರ್ಥ, ಅದಕ್ಕೆ ರಿಪೇರಿಯೇ ಇಲ್ಲ. ಬಳ್ಳಾರಿ ಜಾಲಿ ಮುಳ್ಳಿನ ಪಂಕ್ಚರ್ ನಮ್ಮಲ್ಲಿ ದಿನನಿತ್ಯದ್ದು. ಗ್ರಿಪ್ ಇರುವ ಭಾಗದಲ್ಲಿ ಆದರೆ ಒಳಗಿನಿಂದ ಪ್ಯಾಚ್ ಹಾಕಿಸಬಹುದು. ಪಕ್ಕದಲ್ಲಿ ಆದರೆ ಬದಲಾಯಿಸುವುದೇ ದಾರಿ.

ರಿಮ್ಮನ್ನು ಮರೆಯಬೇಡಿ

ಟೈರು ಒಡೆದ ಮೇಲೆ ಗಾಡಿ ರಿಮ್ ಮೇಲೆ ಹತ್ತಿಪ್ಪತ್ತು ಮೀಟರ್ ಉಜ್ಜಿಕೊಂಡು ಹೋಗಿತ್ತು. ಅಂಚು ಡೊಂಕಾಗಿತ್ತು. "ಬಡಿದು, ವೆಲ್ಡಿಂಗ್ ಹೊಡೆದು ಕೊಡ್ತೀನಿ" ಅಂತ ಒಬ್ಬರು ಹೇಳಿದರು. ಈ ಸಲ ಕೇಳಲಿಲ್ಲ.

ಬಿರುಕು ಬಿಟ್ಟ ರಿಮ್ಮಿಗೆ ವೆಲ್ಡಿಂಗ್ ಮಾಡಿಸಬಾರದು. ಬೆಸುಗೆಯ ಪಕ್ಕದ ಲೋಹ ಕಾದು ದುರ್ಬಲವಾಗಿರುತ್ತದೆ, ಮುಂದಿನ ಬಿರುಕು ಅಲ್ಲಿಂದಲೇ. ಇನ್ನೂ ದೊಡ್ಡ ಅಪಾಯ ಟೈರು ಮೇಲಿರುವಾಗಲೇ ರಿಮ್ಮಿಗೆ ವೆಲ್ಡಿಂಗ್ ಮಾಡುವುದು ಅಥವಾ ಕಾಯಿಸುವುದು. ಒಳಗಿನ ಹವಾ ಮತ್ತು ರಬ್ಬರಿನ ಆವಿ ಕಾದು ಟೈರು ಸ್ಫೋಟಿಸುತ್ತದೆ, ಎದುರಿಗಿದ್ದವರ ಜೀವ ಹೋಗುತ್ತದೆ. ಟ್ರ್ಯಾಕ್ಟರ್, ಟ್ರೇಲರ್ ಗಾಲಿಗೂ ಈ ಮಾತು ಅನ್ವಯ. ಬೋಲ್ಟ್ ಜಾಮ್ ಆಗಿದೆ ಅಂತ ಗ್ಯಾಸ್ ಕಟರ್ ಹಿಡಿಯುವುದನ್ನು ಕಂಡರೆ ತಡೆಯಿರಿ.

ಬೇರೆ ರಿಮ್ ತರುವಾಗ ಇಷ್ಟು ಹೊಂದಬೇಕು:

- ವ್ಯಾಸ ಮತ್ತು ಅಗಲ. ರಿಮ್ ಮೇಲೆ 4.00ಬಿ × 12 ಅಂತ ಹೊಡೆದಿದ್ದರೆ ಅಗಲ 4 ಇಂಚು, ವ್ಯಾಸ 12 ಇಂಚು, 'ಬಿ' ಅಂಚಿನ ಆಕಾರ.
- ಬೋಲ್ಟಿನ ತೂತುಗಳ ಸಂಖ್ಯೆ ಮತ್ತು ಅವುಗಳ ವರ್ತುಲದ ಅಳತೆ. ಅಂಗಡಿಯಲ್ಲಿ ಪಿಸಿಡಿ ಅನ್ನುತ್ತಾರೆ.
- ನಡುವಿನ ದೊಡ್ಡ ತೂತು ಹಬ್ಬಿಗೆ ಸರಿಯಾಗಿ ಕೂರಬೇಕು.
- ಆಫ್‌ಸೆಟ್, ಅಂದರೆ ಗಾಲಿ ಎಷ್ಟು ಒಳಗೆ ಅಥವಾ ಹೊರಗೆ ನಿಲ್ಲುತ್ತದೆ ಅನ್ನುವುದು. ಹೊರಗೆ ಬಂದರೆ ಬೇರಿಂಗ್ ಮೇಲೆ ಭಾರ, ಒಳಗೆ ಹೋದರೆ ಉಜ್ಜುತ್ತದೆ.
- ನಟ್ಟು ಕೂರುವ ಆಕಾರ. ಇಳಿಜಾರು ಕುಳಿಗೆ ಇಳಿಜಾರು ನಟ್ಟು, ಗುಂಡು ಕುಳಿಗೆ ಗುಂಡು ನಟ್ಟು. ಅದಲುಬದಲಾದರೆ ಎಷ್ಟು ಬಿಗಿದರೂ ಸಡಿಲಾಗುತ್ತದೆ.
- ಟ್ಯೂಬ್‌ಲೆಸ್ ಟೈರಾದರೆ ಟ್ಯೂಬ್‌ಲೆಸ್‌ಗೇ ಮಾಡಿದ ರಿಮ್.

ಹಳೆ ರಿಮ್ ಪರೀಕ್ಷಿಸಲು ಮಿಷನ್ ಬೇಕಿಲ್ಲ. ಜಾಕ್ ಕೊಟ್ಟು ಗಾಲಿ ಎತ್ತಿ, ಅಂಚಿಗೆ ಹತ್ತಿರವಾಗಿ ಒಂದು ಇಟ್ಟಿಗೆ ಇಟ್ಟು ಗಾಲಿ ತಿರುಗಿಸಿ. ಅಂಚಿಗೂ ಇಟ್ಟಿಗೆಗೂ ನಡುವಿನ ಸಂದು ಒಂದೇ ಸಮ ಇದ್ದರೆ ಸರಿ. ಹೆಚ್ಚು ಕಡಿಮೆ ಆಗುತ್ತಿದ್ದರೆ ರಿಮ್ ಡೊಂಕು. ಬೋಲ್ಟಿನ ತೂತು ಮೊಟ್ಟೆಯಾಕಾರ ಆಗಿದ್ದರೆ, ಅಥವಾ ತೂತಿನಿಂದ ತುಕ್ಕಿನ ಗೆರೆ ಹೊರಟಿದ್ದರೆ ಹತ್ತಿರದಿಂದ ನೋಡಿ. ಅದು ಬಿರುಕಿನ ಗುರುತಿರಬಹುದು. ಗೊಬ್ಬರ, ಗೋಮೂತ್ರ ಸಾಗಿಸುವ ಗಾಡಿಯ ರಿಮ್ಮು, ನಟ್ಟು ಬೇಗ ತುಕ್ಕು ಹಿಡಿಯುವುದನ್ನು ನನ್ನ ಗಾಡಿಯಲ್ಲೇ ಕಂಡಿದ್ದೇನೆ. ಸಾಗಿಸಿದ ದಿನವೇ ನೀರು ಹೊಡೆದು ತೊಳೆಯಿರಿ.

ಇನ್ನು ಶೋಕಿಯ ಅಲಾಯ್, ದೊಡ್ಡ ರಿಮ್, ಅಗಲ ಟೈರು. ಕಾರಿನ ಅಲಾಯ್ ರಿಮ್ ಮಾಲಿನ ಭಾರಕ್ಕೆ ಮಾಡಿದ್ದಲ್ಲ. ಕಂಪನಿ ಹೇಳಿದ ಅಳತೆ ಬಿಟ್ಟು ಗಾಡಿಯನ್ನು ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಅಪಘಾತ ಆದಾಗ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ.

ಹಾಕಿಸುವಾಗ

ಒಂದೇ ಅಚ್ಚಿನ ಎರಡೂ ಕಡೆ ಒಂದೇ ಸೈಜು, ಒಂದೇ ಪಿಆರ್, ಒಂದೇ ಮಾದರಿ ಇರಲಿ. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಬೇಡವೇ ಬೇಡ. ಎರಡೇ ಹೊಸ ಟೈರು ತಂದರೆ ಹಿಂದಕ್ಕೆ ಹಾಕಿಸಿ. ಮುಂದಿನ ಟೈರು ಜಾರಿದರೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ಭಾರ ಇರುವುದೂ ಹಿಂದೆಯೇ. ಹಾಗಂತ ಮುಂದೆ ನುಣ್ಣಗಾದ ಟೈರು ಬಿಡುವ ಹಾಗಿಲ್ಲ.

ಟ್ಯೂಬ್ ಇರುವ ಟೈರಾದರೆ ಹೊಸ ಟೈರಿಗೆ ಹೊಸ ಟ್ಯೂಬ್ ಹಾಕಿಸಿ. ಹಳೆ ಟ್ಯೂಬ್ ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಅಲ್ಲೇ ಹರಿಯುತ್ತದೆ. ಟ್ಯೂಬ್‌ಲೆಸ್ ಆದರೆ ಹವಾ ತುಂಬುವ ವಾಲ್ವ್ ಹೊಸದು ಹಾಕಿಸಿ.

ನಮ್ಮ ಎರೆಮಣ್ಣು ಗೊತ್ತಲ್ಲ. ಮಳೆಗಾಲದಲ್ಲಿ ರಿಮ್ಮಿನ ಹಿಂದೆ ಅಂಟಿ ಒಣಗಿ ಕಲ್ಲಾಗುತ್ತದೆ. ರಿಮ್ ಮತ್ತು ಹಬ್ ಸೇರುವ ಜಾಗದಲ್ಲಿ ಮಣ್ಣು ಇದ್ದ ಹಾಗೇ ನಟ್ಟು ಬಿಗಿದರೆ, ಗಾಡಿ ಓಡಿದಂತೆ ಮಣ್ಣು ಪುಡಿಯಾಗಿ ನಟ್ಟು ಸಡಿಲ ಬೀಳುತ್ತದೆ. ಕೆರೆದು ಒರೆಸಿಯೇ ಕೂರಿಸಿ. ನಟ್ಟುಗಳನ್ನು ಸುತ್ತಿನ ಕ್ರಮದಲ್ಲಿ ಬಿಗಿಯದೆ ಎದುರುಬದುರಾಗಿ ಬಿಗಿಯಿರಿ. 50ರಿಂದ 100 ಕಿಮೀ ಓಡಿದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಜೇವರ್ಗಿಯಿಂದ ಕಲಬುರಗಿಗೆ ಒಂದು ಸಲ ಹೋಗಿ ಬಂದರೆ ಅಷ್ಟಾಗುತ್ತದೆ.

ಹವಾ ಮತ್ತು ಬಿಸಿಲು

ಟೈರಿನ ಮೇಲೆ ಬರೆದ ಭಾರ ಅದು ಹೊರುವುದು ಪೂರ್ತಿ ಹವಾ ಇದ್ದಾಗ ಮಾತ್ರ. 145 ಆರ್12 8ಪಿಆರ್ ಟೈರು 530 ಕೆಜಿ ಹೊರಬೇಕಾದರೆ 65 ಪಿಎಸ್‌ಐ ಒತ್ತಡ ಬೇಕು. ಅದನ್ನು ಕಾರಿನಂತೆ 35ಕ್ಕೆ ಇಟ್ಟರೆ ಟೈರು ಬಾಗಿ ಬಾಗಿ ಒಳಗೇ ಕಾಯುತ್ತದೆ. ಬೇಸಿಗೆಯಲ್ಲಿ ಒಡೆಯುವ ಎಷ್ಟೋ ಟೈರುಗಳಲ್ಲಿ ಹವಾ ಹೆಚ್ಚಾಗಿರುವುದಿಲ್ಲ, ಕಡಿಮೆ ಇರುತ್ತದೆ. ನಿಮ್ಮ ಗಾಡಿಗೆ ಮುಂದೆ ಎಷ್ಟು, ಹಿಂದೆ ಎಷ್ಟು ಅನ್ನುವುದನ್ನು ಕೈಪಿಡಿ ನೋಡಿ ಹಾಕಿಸಿ.

ಹವಾ ನೋಡುವುದು ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ. ಓಡಿದ ಮೇಲೆ ಟೈರು ಬಿಸಿಯಾಗಿ ಒತ್ತಡ ಏರುವುದು ಸಹಜ. "ಬಿಸಿಲು ಜಾಸ್ತಿ ಅದ, ಸ್ವಲ್ಪ ಹವಾ ಬಿಡ್ರಿ" ಅನ್ನುವವರ ಮಾತು ಕೇಳಬೇಡಿ. ನೈಟ್ರೋಜನ್‌ಗೆ ದುಡ್ಡು ಕೊಡಲೇಬೇಕೆಂದಿಲ್ಲ, ಮಾಮೂಲಿ ಹವಾದಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಆ ದುಡ್ಡಿನಲ್ಲಿ ಒಂದು ಹವಾ ಗೇಜ್ ತಗೊಂಡು ಗಾಡಿಯಲ್ಲಿ ಇಟ್ಟುಕೊಳ್ಳಿ.

ಸವೆತ ನೋಡಿದರೂ ಗೊತ್ತಾಗುತ್ತದೆ. ಎರಡು ಅಂಚು ಸವೆದರೆ ಹವಾ ಕಡಿಮೆ, ನಡುವೆ ಸವೆದರೆ ಹೆಚ್ಚು, ಒಂದೇ ಪಕ್ಕ ಸವೆದರೆ ಅಲೈನ್‌ಮೆಂಟ್ ಕೆಟ್ಟಿದೆ.

ಅಕಸ್ಮಾತ್ ಟೈರು ಒಡೆದರೆ: ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ಎರಡೂ ಕೈಯಲ್ಲಿ ಗಟ್ಟಿ ಹಿಡಿದು ನೇರಕ್ಕೆ ಇಟ್ಟುಕೊಳ್ಳಿ, ಎಕ್ಸಲೇಟರ್ ನಿಧಾನಕ್ಕೆ ಬಿಡಿ, ವೇಗ ಇಳಿದ ಮೇಲೆ ಎಡಕ್ಕೆ ತನ್ನಿ. ನನ್ನ ತಮ್ಮ ಅವತ್ತು ಬ್ರೇಕ್ ಒತ್ತಿದ್ದ. ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂಗಡಿಗೆ ಹೋಗುವ ಮುಂಚೆ ಫೋನಿನಲ್ಲಿ ಇರಬೇಕಾದದ್ದು

1. ಗಾಡಿಯ ಟೈರು ವಿವರದ ಪಟ್ಟಿ ಅಥವಾ ಕೈಪಿಡಿಯ ಪುಟದ ಫೋಟೋ
2. ಆರ್‌ಸಿಯ ಒಟ್ಟು ತೂಕದ ಮಿತಿ
3. ಕಾಟಾದ ಚೀಟಿ, ಹಿಂದಿನ ಗಾಲಿಗಳ ತೂಕದ ಜೊತೆ
4. ಮೇಲಿನ ಲೋಡ್ ಇಂಡೆಕ್ಸ್ ಪಟ್ಟಿಯ ಸ್ಕ್ರೀನ್‌ಶಾಟ್
5. ರಿಮ್ ಮೇಲಿನ ಅಳತೆಯ ಫೋಟೋ
6. ಬಿಐಎಸ್ ಕೇರ್ ಆ್ಯಪ್

ಟೈರು ಕೈಗೆ ಬಂದ ಮೇಲೆ ಈ ಕ್ರಮದಲ್ಲಿ ನೋಡಿ: ಎಲ್‌ಟಿ ಅಥವಾ ಸಿ ಇದೆಯಾ, ಪಿಆರ್ ಎಷ್ಟು, ಲೋಡ್ ಇಂಡೆಕ್ಸ್ ಎಷ್ಟು, ಯಾವ ವಾರ ಯಾವ ವರ್ಷದ್ದು, ಐಎಸ್‌ಐ ಇದೆಯಾ. ಐದೂ ಸರಿ ಇದ್ದರೆ ಮಾತ್ರ ರೇಟು ಮಾತಾಡಿ.

ನಾನು ಎರಡು ಟೈರಿನಲ್ಲಿ ಉಳಿಸಿದ್ದು 2,200 ರೂಪಾಯಿ. ಹೈವೇ ಮೇಲೆ ಒಡೆದ ಹಣ್ಣೇ ಐದು ಸಾವಿರದ್ದು. ಹೊಸ ರಿಮ್, ಗಾಡಿ ಎಳೆಸಿದ ಖರ್ಚು, ಮತ್ತೆ ಎರಡು ಟೈರು ಬೇರೆ. ಈ ಲೆಕ್ಕ ಹೇಗೋ ಸರಿದೂಗಿಸಬಹುದು. ಗಾಡಿಯ ಹಿಂದೆ ಆ ಆರು ಜನ ಇದ್ದಿದ್ದರೆ ಯಾವ ಲೆಕ್ಕದಿಂದಲೂ ಸರಿದೂಗುತ್ತಿರಲಿಲ್ಲ.

ಮಾಲಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೂ ವಿರುದ್ಧ, ಅಪಘಾತ ಆದರೆ ವಿಮೆಗೂ ತಕರಾರು. ಗೊತ್ತಿದ್ದೂ ಎಲ್ಲರೂ ಮಾಡುತ್ತೇವೆ, ನಾನೂ ಮಾಡುತ್ತಿದ್ದೆ. ಆ ದಿನದಿಂದ ಬಿಟ್ಟಿದ್ದೇನೆ. ಈಗ ಕೆಲಸಕ್ಕೆ ಬರುವವರಿಗೆ ಆಟೋ ಬಾಡಿಗೆ ಕೊಡುತ್ತೇನೆ. ಖರ್ಚು ಸ್ವಲ್ಪ ಹೆಚ್ಚಾಯಿತು, ನಿದ್ದೆ ಚೆನ್ನಾಗಿ ಬರುತ್ತದೆ.

ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಒದ್ದೆ ಬಟ್ಟೆ ತಗೊಂಡು ಹಿಂದಿನ ಟೈರಿನ ಪಕ್ಕ ಒಮ್ಮೆ ಒರೆಸಿ, ಏನು ಬರೆದಿದೆ ನೋಡಿ.